ಇಳಿಜಾರು ಕಟ್ಟಿಸಿದ ಮೇಲೂ ಅವರೇಕೆ ಬರುತ್ತಿಲ್ಲ?

ಪ್ರಶ್ನೆ: ನಾನು ಒಂದು ಸಣ್ಣ ವಸ್ತುಸಂಗ್ರಹಾಲಯದ ಸ್ವಯಂಸೇವಕಿ. ಗಾಲಿಕುರ್ಚಿಗೆಂದು ಇಳಿಜಾರು ಕಟ್ಟಿಸಿ, ಪ್ರವೇಶ ಶುಲ್ಕವನ್ನೂ ತೆಗೆದಿದ್ದೇವೆ. ಆದರೂ ಅಂಗವಿಕಲರಾಗಲಿ, ಸುತ್ತಲಿನ ಕೂಲಿ ಕುಟುಂಬಗಳವರಾಗಲಿ ಬರುತ್ತಿಲ್ಲ. ಇನ್ನೇನು ಮಾಡಬೇಕು?

ಉತ್ತರ: ನೀವು ಮಾಡಿರುವುದು ಆಗಲೇಬೇಕಾಗಿದ್ದ ಕೆಲಸ. ಆದರೆ ಒಳಗೆ ಬಂದವರಿಗೆ ತಮ್ಮವರ ಸುಳಿವೇ ಸಿಗದಿದ್ದರೆ ಮತ್ತೆ ಯಾಕೆ ಬಂದಾರು? ನಿಮ್ಮಲ್ಲಿರುವ ಹಳೆಯ ಛಾಯಾಚಿತ್ರಗಳ ಕೆಳಗಿನ ಬರಹವನ್ನು ಒಮ್ಮೆ ಓದಿ ನೋಡಿ. ಕುರ್ಚಿಯಲ್ಲಿ ಕುಳಿತ ಯಜಮಾನರ ಹೆಸರು, ಬಿರುದುಗಳೆಲ್ಲ ಇದ್ದು, ಹಿಂದೆ ಮಗುವನ್ನೆತ್ತಿಕೊಂಡು ನಿಂತವಳು ಬರಿಯ ‘ಆಳು’ ಎಂದಾಗಿದ್ದರೆ ಕೆಲಸ ಅಲ್ಲಿಂದಲೇ ಶುರುವಾಗಬೇಕು. ಹುಡುಕಿಯೂ ಹೆಸರು ಸಿಗದಿದ್ದರೆ, ಅದನ್ನು ಯಾರೂ ಬರೆದಿಡಲಿಲ್ಲ ಎಂಬುದನ್ನಾದರೂ ಬರೆಯಿರಿ, ಅದೂ ಇತಿಹಾಸವೇ.

ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಡಿಸ್ಟ್ರಿಕ್ಟ್ ಸಿಕ್ಸ್ ಎಂಬ ಬಡಾವಣೆಯನ್ನು 1966ರಲ್ಲಿ ಬಿಳಿಯರಿಗೆ ಮಾತ್ರ ಎಂದು ಘೋಷಿಸಿ, ಮುಂದಿನ ವರ್ಷಗಳಲ್ಲಿ ಸುಮಾರು 60,000 ಜನರನ್ನು ಒಕ್ಕಲೆಬ್ಬಿಸಲಾಯಿತು. ಅದರ ನೆನಪಿಗೆ 1994ರಲ್ಲಿ ಆರಂಭವಾದ ವಸ್ತುಸಂಗ್ರಹಾಲಯದ ನೆಲದ ಮೇಲೆ ಬಡಾವಣೆಯ ದೊಡ್ಡ ನಕ್ಷೆಯನ್ನು ಹಾಸಿದ್ದಾರೆ. ಹಳೆಯ ನಿವಾಸಿಗಳು ತಮ್ಮ ಮನೆಯಿದ್ದ ಜಾಗವನ್ನು ಹುಡುಕಿ, ಬಗ್ಗಿ, ಅಲ್ಲಿ ತಮ್ಮ ಹೆಸರನ್ನು ತಾವೇ ಬರೆದರು. ಯಾರ ಕಥೆಯೋ ಅವರ ಕೈಯಲ್ಲೇ ಲೇಖನಿ ಇದ್ದದ್ದು ನನಗೆ ಇಂದಿಗೂ ದೊಡ್ಡ ಪಾಠವೆನಿಸುತ್ತದೆ.

ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ಮಂಡಳಿಯು 2022ರಲ್ಲಿ ಒಪ್ಪಿದ, ವಸ್ತುಸಂಗ್ರಹಾಲಯವೆಂದರೇನು ಎಂಬುದರ ಹೊಸ ವ್ಯಾಖ್ಯಾನವೂ ಸಮುದಾಯಗಳ ಪಾಲ್ಗೊಳ್ಳುವಿಕೆಯನ್ನು ಹೆಸರಿಸಿಯೇ ಹೇಳುತ್ತದೆ. ಆದ್ದರಿಂದ, ಏನನ್ನು ಪ್ರದರ್ಶಿಸಬೇಕು, ಹೇಗೆ ಹೇಳಬೇಕು ಎಂದು ತೀರ್ಮಾನಿಸುವ ಸಭೆಗೇ ಅವರನ್ನು ಕರೆಯಿರಿ. ಎಲ್ಲ ಮುಗಿದ ಮೇಲೆ ಉದ್ಘಾಟನೆಗೆ ಕರೆದರೆ ಸಾಲದು. ಅದಕ್ಕಾಗಿ ಅವರ ಒಂದು ದಿನದ ಕೂಲಿ ತಪ್ಪುವುದರಿಂದ ಗೌರವಧನ ಕೊಡಬೇಕು. ಹಿರಿಯರ ನೆನಪುಗಳನ್ನು ಧ್ವನಿಮುದ್ರಿಸಿಕೊಂಡರೆ ಒಂದು ಪ್ರತಿ ಅವರ ಮನೆಗೂ ತಲುಪಲಿ, ಬೇಡವೆನಿಸಿದಾಗ ಹೇಳಿದ್ದನ್ನು ಹಿಂತೆಗೆದುಕೊಳ್ಳುವ ಹಕ್ಕೂ ಅವರಿಗಿರಲಿ.

ಅಂಗವಿಕಲರ ವಿಷಯದಲ್ಲಿಯೂ ಇಳಿಜಾರು ಮೊದಲ ಹೆಜ್ಜೆ ಮಾತ್ರ. ಮ್ಯಾಡ್ರಿಡ್‌ನಲ್ಲಿ ಅಂಧರ ಸಂಸ್ಥೆಯೊಂದು 1992ರಲ್ಲಿ ತೆರೆದ ವಸ್ತುಸಂಗ್ರಹಾಲಯದಲ್ಲಿ ಹೆಸರಾಂತ ಕಟ್ಟಡಗಳ ಮಾದರಿಗಳನ್ನು ಮುಟ್ಟಿಯೇ ನೋಡುತ್ತಾರೆ. ನಿಮ್ಮಲ್ಲಿ ಮೂಲವಸ್ತುವನ್ನು ಮುಟ್ಟಲು ಬಿಡಲಾಗದಿದ್ದರೆ ಅದೇ ಅಳತೆಯ, ಅದೇ ತೂಕದ ಪ್ರತಿಕೃತಿ ಮಾಡಿಸಿ. ಬೀಸುಕಲ್ಲನ್ನು ಹಗುರವಾದ ಪ್ಲಾಸ್ಟಿಕ್‌ನಲ್ಲಿ ಮಾಡಿಸಿದರೆ ಆಕಾರವೇನೋ ಕೈಗೆ ಸಿಗುತ್ತದೆ, ಬೀಸುತ್ತಿದ್ದವಳ ರಟ್ಟೆಯ ನೋವು ಸಿಗುವುದಿಲ್ಲ.

ಇಷ್ಟಕ್ಕೆಲ್ಲ ಈಗಲೇ ಹಣವಿಲ್ಲವೆಂದರೆ, ಆ ಒಂದು ಛಾಯಾಚಿತ್ರದ ಪ್ರತಿಯನ್ನು ಹಿಡಿದು ಸುತ್ತಲಿನ ಮನೆಗಳಿಗೆ ನೀವೇ ಹೋಗಿ, ಹಿಂದೆ ನಿಂತಿರುವವಳು ಯಾರೆಂದು ಹಿರಿಯರನ್ನು ಕೇಳಿ.