ಇಂಟರ್ನಲ್ಸ್‌ನಲ್ಲಿ ಹೋದ ಅಂಕ ಮರಳಿ ಸಿಗಬೇಕೇ?

ಪ್ರಶ್ನೆ: ಎಂಜಿನಿಯರಿಂಗ್ ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಮೊದಲ ಇಂಟರ್ನಲ್ಸ್‌ನಲ್ಲಿ (ಸೆಮಿಸ್ಟರ್ ನಡುವೆ ಕಾಲೇಜೇ ನಡೆಸುವ ಟೆಸ್ಟ್) 60 ಜನರ ತರಗತಿಯ ಅರ್ಧಕ್ಕರ್ಧ ಮಂದಿಗೆ 25ಕ್ಕೆ 10 ಕೂಡ ಬಂದಿಲ್ಲ. ಇನ್ನೊಂದು ಅವಕಾಶ ಕೊಡಬೇಕೆಂದಿದ್ದೇನೆ. ಮೊದಲೇ ಓದಿಕೊಂಡು ಬರೆದವರಿಗೆ ಅನ್ಯಾಯವಾಗದಂತೆ ಕೊಡುವುದು ಹೇಗೆ?
— ಉಪನ್ಯಾಸಕಿ, ಹಾಸನ

ಉತ್ತರ: ಅವಕಾಶ ಕೊಡಿ. ಆದರೆ ಎಲ್ಲರಿಗೂ ಐದೈದು ಅಂಕ ಸೇರಿಸುವ ದಾರಿ ಬೇಡ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಸ್ಕೀಮ್ ಪ್ರಕಾರ ಇಂಟರ್ನಲ್ಸ್‌ನಲ್ಲಿ 50ಕ್ಕೆ 20, ಸೆಮಿಸ್ಟರ್ ಪರೀಕ್ಷೆಯಲ್ಲಿ 50ಕ್ಕೆ 18, ಎರಡೂ ಸೇರಿ 100ಕ್ಕೆ 40 ಬರಬೇಕು. ಧಾರಾಳವಾಗಿ ಕೊಟ್ಟ ಐದು ಅಂಕ ಹುಡುಗನನ್ನು ಪರೀಕ್ಷಾ ಕೊಠಡಿಯ ಬಾಗಿಲವರೆಗೆ ತಲುಪಿಸುತ್ತದೆ, ಅಷ್ಟೇ. ಒಳಗೆ ಬೇಕಾದ 18 ಅವನು ಕಲಿತಿದ್ದರೆ ಮಾತ್ರ ಬರುತ್ತದೆ.

ಬ್ಲೂ ಬುಕ್ (ಟೆಸ್ಟಿನ ಉತ್ತರ ಪುಸ್ತಿಕೆ) ಹಂಚುವ ಮೊದಲು ಯಾವ ಪ್ರಶ್ನೆಯಲ್ಲಿ ಎಷ್ಟು ಜನ ಎಡವಿದ್ದಾರೆಂದು ಎಣಿಸಿ. ಒಂದೇ ಪ್ರಶ್ನೆಯಲ್ಲಿ 60ಕ್ಕೆ 45 ಜನ ಎಡವಿದ್ದರೆ ತೊಂದರೆ ಪ್ರಶ್ನೆಯಲ್ಲಿರಬಹುದು, ಪಾಠದಲ್ಲಿರಬಹುದು. ಅದನ್ನು ಮತ್ತೆ ಕಲಿಸಿದ ಮೇಲೆಯೇ ಮುಂದಿನ ಮಾತು.

ಆಮೇಲೆ ತಿದ್ದುಪಡಿಗೆ ಒಂದು ವಾರ ಕೊಡಿ. ತಪ್ಪಿದ ಪ್ರತಿ ಲೆಕ್ಕಕ್ಕೂ ವಿದ್ಯಾರ್ಥಿ ಮೂರು ವಿಷಯ ಬರೆಯಬೇಕು: ತಪ್ಪು ಶುರುವಾದ ಸಾಲು ಯಾವುದು, ಏಕೆ ತಪ್ಪಾಯಿತು, ಸರಿಯಾದ ಪೂರ್ತಿ ಬಿಡಿಸುವಿಕೆ. ಎರಡನೆಯದೇ ಇದರ ಜೀವಾಳ. ‘ಸರಿಯಾಗಿ ಓದಿರಲಿಲ್ಲ’ ಎಂದರೆ ಒಪ್ಪಬೇಡಿ. ‘ಡಬಲ್ ಇಂಟಿಗ್ರಲ್‌ನ ಆರ್ಡರ್ ಬದಲಿಸುವಾಗ ಪ್ರದೇಶದ ಚಿತ್ರ ಬರೆದುಕೊಳ್ಳಲಿಲ್ಲ, ಹಳೆಯ ಲಿಮಿಟ್‌ಗಳನ್ನೇ ಅದಲುಬದಲು ಮಾಡಿಬಿಟ್ಟೆ’ ಎಂದು ಬರೆದವನು ಆ ತಪ್ಪನ್ನು ಮತ್ತೆ ಮಾಡುವುದು ಕಡಿಮೆ.

ಕಳೆದುಕೊಂಡ ಅಂಕದಲ್ಲಿ ಅರ್ಧದವರೆಗೆ ವಾಪಸ್ ಕೊಡಿ, ತರಗತಿಯ ಎಲ್ಲರಿಗೂ ಕೊಡಿ. 9 ಪಡೆದವಳು 16 ಕಳೆದುಕೊಂಡಿದ್ದಾಳೆ. ಎಂಟು ಮರಳಿದರೆ 17. 21 ಪಡೆದವನಿಗೆ ಎರಡು ಮರಳಿ 23. ಇಬ್ಬರೂ ಪೂರ್ತಿ ತಿದ್ದಿದರೆ ಅಂತರ ಕಿರಿದಾಗುತ್ತದೆ, ಆದರೆ ಹಿಂದಿದ್ದವಳು ಮುಂದಿದ್ದವನನ್ನು ದಾಟುವುದಿಲ್ಲ. ಮೊದಲೇ ಓದಿದವರ ಶ್ರಮಕ್ಕೆ ಬೆಲೆ ಉಳಿಯುವುದು ಇಲ್ಲಿ. ಫೇಲಾದವರಿಗಷ್ಟೇ ಕೊಟ್ಟರೆ 9 ಬಂದವಳು 17ಕ್ಕೆ ಏರಿ, 12 ಬಂದು ಪಾಸಾದವಳು 12ರಲ್ಲೇ ನಿಲ್ಲುತ್ತಾಳೆ. ನಿಜವಾದ ಅನ್ಯಾಯ ಅದು.

ಈ ಪದ್ಧತಿ ಕೆಡುವುದು ನಕಲಿನಿಂದ. ಒಬ್ಬರ ತಿದ್ದುಪಡಿ ರಾತ್ರಿಯೊಳಗೆ ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿರುತ್ತದೆ. ಆದ್ದರಿಂದ ಹಾಳೆಗೆ ಅಂಕ ಕೊಡಬೇಡಿ. ಪ್ರತಿಯೊಬ್ಬರನ್ನೂ ಕರೆದು, ಅವರು ತಿದ್ದಿದ ಒಂದು ಲೆಕ್ಕವನ್ನು ಸಂಖ್ಯೆ ಬದಲಿಸಿ ಕೊಟ್ಟು, ಮೊದಲ ಎರಡು ಹೆಜ್ಜೆ ಬರೆಸಿ ನೋಡಿ. ತಲಾ ನಾಲ್ಕು ನಿಮಿಷವೆಂದರೆ 60 ಜನರಿಗೆ ನಾಲ್ಕು ಗಂಟೆ. ಟ್ಯುಟೋರಿಯಲ್ ಅವಧಿಗಳಲ್ಲಿ ಹಂಚಿಕೊಳ್ಳಬಹುದು. ಅಷ್ಟೂ ಸಮಯವಿಲ್ಲದಿದ್ದರೆ ಅದೇ ಮಾದರಿಯ ಬೇರೆ ಲೆಕ್ಕಗಳಿಂದ 20 ನಿಮಿಷದ ಕಿರುಪರೀಕ್ಷೆ ಮಾಡಿ. ಅದೇ ಪ್ರಶ್ನೆಪತ್ರಿಕೆಯನ್ನು ಮಾತ್ರ ಮತ್ತೆ ಕೊಡಬೇಡಿ, ಉತ್ತರ ಬಾಯಿಪಾಠವಾಗಿ ಬರುತ್ತದೆ.

ನಿಯಮವನ್ನು ಸೆಮಿಸ್ಟರ್ ಮೊದಲ ವಾರವೇ ಬರವಣಿಗೆಯಲ್ಲಿ ಕೊಡುವುದು ಮುಖ್ಯ. ನಡುವೆ ಘೋಷಿಸಿದರೆ ಯಾರಿಗೋಸ್ಕರವೋ ಮಾಡಿದಂತೆ ಕಾಣುತ್ತದೆ. ಈ ಬಾರಿ ತಡವಾಗಿರುವುದರಿಂದ ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಒಪ್ಪಿಗೆ ಪಡೆದು, ಎಲ್ಲ ಸೆಕ್ಷನ್‌ಗಳಿಗೂ ಒಟ್ಟಿಗೇ ತಿಳಿಸಿ. ಟೆಸ್ಟ್ ಅಂಕ ತಿದ್ದಲು ನಿಮ್ಮಲ್ಲಿ ಅವಕಾಶವಿಲ್ಲದಿದ್ದರೆ ಇದನ್ನೇ ಅಸೈನ್‌ಮೆಂಟ್ ಭಾಗದಲ್ಲಿ ಸೇರಿಸಬಹುದೇ ಎಂದು ಅವರನ್ನೇ ಕೇಳಿ.

ಪ್ರಶ್ನೆ: ಪಿಯುಸಿಯಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆದು ಉತ್ತಮ ಅಂಕ ಉಳಿಸಿಕೊಳ್ಳಬಹುದು. ಡಿಗ್ರಿಯಲ್ಲೂ ಹಾಗೇ ಮಾಡಿದರೆ ಸಾಕಲ್ಲವೇ?
— ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: 2024ರಿಂದ ದ್ವಿತೀಯ ಪಿಯುಸಿಯಲ್ಲಿ ಆ ವ್ಯವಸ್ಥೆ ಇದೆ, ಒಳ್ಳೆಯದೇ. ಆದರೆ ಅಲ್ಲಿ ವರ್ಷದ ಪಾಠವೆಲ್ಲ ಮುಗಿದ ಮೇಲೆ ಪರೀಕ್ಷೆಗಳು ಬರುತ್ತವೆ. ಸೆಮಿಸ್ಟರ್‌ನಲ್ಲಿ ಮೊದಲ ಟೆಸ್ಟ್ ಮುಗಿದ ಮರುದಿನವೇ ಅದರ ಮೇಲೆ ನಿಂತ ಪಾಠ ಶುರುವಾಗುತ್ತದೆ. ಮೂರು ಟೆಸ್ಟ್‌ಗಳಲ್ಲಿ ಉತ್ತಮ ಎರಡು ಮಾತ್ರ ಲೆಕ್ಕಕ್ಕೆ ಎಂದರೆ ಕೆಲವರು ಮೊದಲನೆಯದನ್ನು ಓದದೇ ಬಿಡುತ್ತಾರೆ, ಎರಡನೆಯದಕ್ಕೆ ಬೇಕಾದ ಅಡಿಪಾಯವೇ ಇರುವುದಿಲ್ಲ. ನಿಮ್ಮ ಕಾಲೇಜಿನಲ್ಲಿ ಈ ನಿಯಮವಿದ್ದರೆ ಬಿಡುವ ಟೆಸ್ಟನ್ನು ಜ್ವರ ಬಂದ ದಿನಕ್ಕೆಂದು ಉಳಿಸಿಕೊಳ್ಳಿ.