ಸಂಪಾದಕರ ಉತ್ತರ: ಖಾಲಿ ಚೀಲದ ತೂಕ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ಅಡಿಕೆ ಖರೀದಿಯ ಅಂಗಡಿ ನಡೆಸುತ್ತಿರುವ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಖಾಲಿ ಗೋಣಿಚೀಲ ಒಂದು ಕಿಲೋ ತೂಗದಿದ್ದರೂ ಪ್ರತಿ ಚೀಲಕ್ಕೆ ಒಂದು ಕಿಲೋ ಕಳೆದು ಲೆಕ್ಕ ಹಾಕುವುದು ತಮ್ಮ ತಂದೆಯವರ ಕಾಲದಿಂದ ನಡೆದು ಬಂದ ಕ್ರಮವೆಂದೂ, ಇಗರ್ಜಿಯ ಭಾನುವಾರದ ಬಲಿಪೂಜೆಯನ್ನು ಎಂದೂ ತಪ್ಪಿಸದ ತಮಗೆ ಈಸ್ಟರಿಗೆ ಮುಂಚಿನ ಈ ತಪಸ್ಸುಕಾಲದಲ್ಲಿ ಅದು ಚುಚ್ಚತೊಡಗಿದೆಯೆಂದೂ ತಿಳಿಸಿ, "ಇದು ಪಾಪವೋ, ವ್ಯಾಪಾರದ ರೂಢಿಯೋ? ಹಳೆಯದನ್ನು ಕೆದಕಿದರೆ ತೀರಿಹೋದ ತಂದೆಯವರ ಹೆಸರಿಗೆ ಕಳಂಕ ಬಾರದೆ?" ಎಂದು ಕೇಳಿದ್ದಾರೆ.

ಮಾನ್ಯರೇ, ಅದು ಕಳವು. ಮೃದುವಾದ ಬೇರೆ ಪದವನ್ನು ಬಳಸಿದರೆ ಇಷ್ಟು ಮನಬಿಚ್ಚಿ ಬರೆದ ನಿಮಗೆ ನಾನು ಅನ್ಯಾಯ ಮಾಡಿದಂತಾಗುತ್ತದೆ.

ಪರಿಶುದ್ಧತೆಯೆಂದರೆ ಜಪಸರ, ಉಪವಾಸ, ಮೇಣದಬತ್ತಿ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದೇವೆ. ಬೈಬಲಿನ ಯಾಜಕಕಾಂಡದ 19ನೆಯ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಿ. ದೇವರು ಪರಿಶುದ್ಧನಾಗಿರುವುದರಿಂದ ಆತನ ಜನರೂ ಪರಿಶುದ್ಧರಾಗಿರಬೇಕೆಂಬ ಆಜ್ಞೆಯಿಂದ ಆರಂಭವಾಗುವ ಆ ಅಧ್ಯಾಯವೇ, ಹೊಲದ ಅಂಚಿನ ತೆನೆಯನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂದು, ಕೂಲಿಯವನ ಕೂಲಿಯನ್ನು ಮರುದಿನ ಬೆಳಗಿನ ತನಕ ಇಟ್ಟುಕೊಳ್ಳಬಾರದೆಂದು ವಿಧಿಸುತ್ತಾ ಕೊನೆಗೆ ಬಂದು ನಿಲ್ಲುವುದು ತಕ್ಕಡಿ, ತೂಕದ ಕಲ್ಲು, ಅಳತೆಯ ಪಾತ್ರೆಗಳ ಬಳಿ. ಸಂತ ಪೇತ್ರರು ತಮ್ಮ ಮೊದಲ ಪತ್ರದಲ್ಲಿ ಅದೇ ಆಜ್ಞೆಯನ್ನು ನೆನಪಿಸುವಾಗ, ನಮ್ಮ ಎಲ್ಲ ನಡತೆಯಲ್ಲಿಯೂ ಪರಿಶುದ್ಧತೆ ಇರಬೇಕೆನ್ನುತ್ತಾರೆ. ನಿಮ್ಮ ಅಂಗಡಿಯ ಜಗಲಿಯನ್ನು ಅದರಿಂದ ಹೊರಗಿಡಲು ನನಗೆ ದಾರಿ ಕಾಣುವುದಿಲ್ಲ. ತುಳು, ಮಲಯಾಳ, ಕನ್ನಡ, ಯಾವ ಮಾತಿನವರೇ ಆಗಲಿ, ಯಾವ ಧರ್ಮದವರೇ ಆಗಲಿ, ಅಲ್ಲಿಗೆ ಬರುವವರು ತಕ್ಕಡಿಗಿಂತ ಮೊದಲು ನಿಮ್ಮನ್ನು ನಂಬಿ ಚೀಲ ಇಳಿಸುತ್ತಾರೆ.

ನನ್ನ ತಪ್ಪನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಅಡಿಕೆ ತೋಟದಲ್ಲಿ ಎರಡನೆಯ ಸುತ್ತಿನ ಮದ್ದು ಸಿಂಪಡಿಸಿದವರ ಕೂಲಿಯನ್ನು, ಮಾತೆ ಮರಿಯಳ ಜನನದ ಹಬ್ಬವಾದ ಸೆಪ್ಟೆಂಬರ್ 8ರ ಮೊಂತಿ ಹಬ್ಬದ ಖರ್ಚಿದೆಯೆಂದು ಒಂದು ವಾರ ಮುಂದೂಡಿದ್ದೆ. ಹಬ್ಬದ ದಿನ ಆಶೀರ್ವದಿಸಿದ ಹೊಸ ತೆನೆ ಹಿಡಿದುಕೊಂಡು ಇಗರ್ಜಿಯಿಂದ ಬರುವಾಗ ಅವರಲ್ಲೊಬ್ಬರು ದಿನಸಿ ಅಂಗಡಿಯ ಮುಂದೆ ನಿಂತಿದ್ದರು. ಅಂಗಿಯ ತೋಳಿನಲ್ಲಿ ಆ ಮದ್ದಿಗೆ ಬೆರೆಸುವ ಮೈಲುತುತ್ತಿನ ನೀಲಿ ಕಲೆಯಿತ್ತು. ಅಂಗಡಿಯವರು ಸಾಲದ ಪುಸ್ತಕ ಬಿಡಿಸಿ ಹಳೆಯ ಬಾಕಿಯನ್ನು ಎಲ್ಲರಿಗೂ ಕೇಳುವಂತೆ ಓದುತ್ತಿದ್ದರು. ನನ್ನನ್ನು ಕಂಡವರೇ ಆ ಕೂಲಿಯವರು ಮುಖ ತಿರುಗಿಸಿಕೊಂಡರು. ಅದು ಸಿಟ್ಟಿನಿಂದಲ್ಲ, ನನಗೆ ಮುಜುಗರವಾಗಬಾರದೆಂದು. ಕೂಲಿಯನ್ನು ಆ ಸಂಜೆಯೇ ಕೊಟ್ಟೆನಾದರೂ ಅಂದಿನ ಹಬ್ಬದೂಟ ನನ್ನ ಗಂಟಲಲ್ಲಿ ಇಳಿಯಲಿಲ್ಲ.

ನೀವು ಮಾಡಬಹುದಾದದ್ದು ಇಷ್ಟು. ಖಾಲಿ ಚೀಲವನ್ನು ಬೆಳೆಗಾರರ ಕಣ್ಣೆದುರೇ ತೂಗಿ, ಬಂದ ತೂಕವನ್ನೇ ಚೀಟಿಯಲ್ಲಿ ಬರೆದು ಕಳೆಯಿರಿ. ಅಡಿಕೆ ಸರಿಯಾಗಿ ಒಣಗಿಲ್ಲವಾದರೆ, ಪಟೋರವೋ ಕರಿಗೋಟೋ ಎಂಬ ಕೆಳದರ್ಜೆಯ ಅಡಿಕೆ ಬೆರೆತಿದ್ದರೆ, ಅದನ್ನು ಬಾಯಿಬಿಟ್ಟು ಹೇಳಿ ದರ ಇಳಿಸುವ ಹಕ್ಕು ನಿಮಗಿದೆ. ಒಪ್ಪದೆ ಬೇರೆ ಅಂಗಡಿಗೆ ಕೊಂಡೊಯ್ಯುವ ಹಕ್ಕು ಅವರಿಗಿದೆ. ಗುಟ್ಟಾಗಿ ತೂಕ ಕಳೆದಾಗ ಅವರ ಆ ಹಕ್ಕೂ ಹೋಗುತ್ತದೆ. ಲಾಭ ಕುಗ್ಗುತ್ತದೆಯೆಂಬ ನಿಮ್ಮ ಚಿಂತೆ ನಿಜವಾದದ್ದೇ. ದೇವರು ಅದನ್ನು ಎರಡರಷ್ಟಾಗಿ ತುಂಬಿಕೊಡುತ್ತಾನೆಂದು ಬರೆಯುವ ಅಧಿಕಾರ ನನಗಿಲ್ಲ.

ಗುರುಗಳ ಬಳಿ ಪಾಪನಿವೇದನೆ ಮಾಡಿದರೆ ಸಾಕೇ ಎಂದೂ ಕೇಳಿದ್ದೀರಿ. ಅನ್ಯಾಯವಾಗಿ ಪಡೆದದ್ದನ್ನು ಹಿಂದಿರುಗಿಸಬೇಕೆಂಬುದು ಕಥೋಲಿಕ ಧರ್ಮಸಭೆಯ ಸ್ಪಷ್ಟ ಬೋಧನೆ. ಜೆರಿಕೊ ಊರಿನ ಸುಂಕದ ಮುಖ್ಯಸ್ಥ ಜಕ್ಕಾಯ ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಕೊಡುವುದಾಗಿ ಯೇಸುವಿನ ಮುಂದೆ ಹೇಳಿದನು. ನಾಲ್ಕರಷ್ಟು ನಿಮ್ಮಿಂದ ಆಗದಿರಬಹುದು, ತೆಗೆದುಕೊಂಡಷ್ಟಾದರೂ ಮರಳಬೇಕು. ಪತ್ತೆಯಾಗದವರ ಪಾಲನ್ನು ಬಡವರಿಗೆ ಕೊಡಿ.

ತಂದೆಯವರ ಲೆಕ್ಕವನ್ನು ದೇವರಿಗೆ ಬಿಡಿ. ಹಣ ಕೊಡುವಾಗ ಅವರ ಹೆಸರೆತ್ತುವ ಅಗತ್ಯವಿಲ್ಲ. "ತೂಕದಲ್ಲಿ ನನ್ನಿಂದ ತಪ್ಪಾಗಿದೆ" ಎಂದರೆ ಸಾಕು. ಹಳೆಯ ಲೆಕ್ಕದ ಪುಸ್ತಕಗಳು ಕಪಾಟಿನಲ್ಲಿವೆ ಎಂದಿದ್ದೀರಿ. ವರ್ಷಕ್ಕೆ ಎರಡೋ ಮೂರೋ ಚೀಲ ತರುವ ಸಣ್ಣ ಬೆಳೆಗಾರರನ್ನು ಅವುಗಳಲ್ಲಿ ಗುರುತಿಸಿ, ಅವರಿಂದಲೇ ಆರಂಭಿಸಿ. ಈಸ್ಟರಿಗೆ ಮುನ್ನ ಒಂದು ಮನೆಗಾದರೂ ಹೋಗಿಬಂದು, ಅಲ್ಲಿ ಏನಾಯಿತೆಂದು ನಮಗೆ ಬರೆಯಿರಿ.