ಟೈನಮ್‌ನ ದೊಡ್ಮನೆ ಮತ್ತು ಅದರ ಒಕ್ಕಲು: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ನಮಸ್ಕಾರ ಮೇಡಂ. ಎರಡನೇ ಮಹಾಯುದ್ಧದಲ್ಲಿ ಸೈನ್ಯಕ್ಕೋಸ್ಕರ ಖಾಲಿ ಮಾಡಿಸಿದ ಇಂಗ್ಲೆಂಡಿನ ಟೈನಮ್ ಊರಿನ ಬಗ್ಗೆ ಹೋದ ಸಂಚಿಕೇಲಿ ಬಂದ ಲೇಖನ ಓದಿ ಎರಡು ಪ್ರಶ್ನೆ ಕೇಳಿದೀರಿ. ಊರಿನವ್ರು ಅಷ್ಟು ಸುಲಭವಾಗಿ ಮನೆ ಬಿಟ್ಟು ಹೋಗಿದ್ಯಾಕೆ, ಅಲ್ಲಿದ್ದ ಮ್ಯಾನರ್ ಹೌಸ್, ಅಂದ್ರೆ ಜಮೀನಿನ ಒಡೆಯರ ದೊಡ್ಮನೆ, ಅದರ ಫೋಟೋ ಯಾಕೆ ಹಾಕ್ಲಿಲ್ಲ ಅಂತ.

ಮೊದಲನೇದಕ್ಕೆ ಉತ್ತರ ಆ ದೊಡ್ಮನೆಯಲ್ಲೇ ಇದೆ. ಡಾರ್ಸೆಟ್ ಕಡಲ ಪಕ್ಕದ ಈ ಕಣಿವೆನ ಬಾಂಡ್ ಕುಟುಂಬ 1683ರಲ್ಲಿ ಕೊಂಡ್ಕೊಂಡಿತ್ತು, ಟೈನಮ್ ಹೌಸ್ ಅದಕ್ಕಿಂತ ಹಳೇದು, ಎಲಿಜಬೆತ್ ರಾಣಿ ಕಾಲದ ಕಲ್ಲುಮನೆ. ಊರಿನ ಮನೆಗಳು, ಹೊಲಗಳು ಹೆಚ್ಚುಕಮ್ಮಿ ಎಲ್ಲಾ ಅವರದ್ದೇ, ಉಳಿದವ್ರು ಬಾಡಿಗೆ ಗೇಣಿ ಕೊಟ್ಟು ಬದುಕ್ತಿದ್ದೋರು. 1943ರ ನವೆಂಬರ್‌ನಲ್ಲಿ ಯುದ್ಧ ಇಲಾಖೆಯಿಂದ ಕಾಗದ ಬಂತು, ಟ್ಯಾಂಕ್‌ಗಳ ಗುಂಡಿನ ತಾಲೀಮಿಗೆ ಜಾಗ ಬೇಕು, ಡಿಸೆಂಬರ್ 19ರೊಳಗೆ ಖಾಲಿ ಮಾಡಿ, ಸೈನ್ಯಕ್ಕೆ ಬೇಡ ಅಂದ ಮೇಲೆ ವಾಪಸ್ ಬರೋ ಹಕ್ಕು ನಿಮಗಿರುತ್ತೆ ಅಂತ. ಯುದ್ಧ ನಡೀತಿದ್ದ ಕಾಲ, ಜನ ಆ ಮಾತನ್ನ ನಂಬಿದ್ರು. ಸುತ್ತಲಿನ ಮನೆಗಳೂ ಸೇರಿ ಸುಮಾರು 225 ಜನ ಹೊರಟ್ರು, ಹೋಗೋವಾಗ ಚರ್ಚ್ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ರು, ನಮ್ಮ ಮನೆಗಳನ್ನ ಜೋಪಾನವಾಗಿ ನೋಡ್ಕೊಳ್ಳಿ, ನಾವು ಒಂದಿನ ವಾಪಸ್ ಬರ್ತೀವಿ ಅಂತ.

ಯಾರೂ ವಾಪಸ್ ಬರ್ಲಿಲ್ಲ. 1948ರಲ್ಲಿ ಸರ್ಕಾರ ಕಡ್ಡಾಯವಾಗಿ ಭೂಮಿ ಸ್ವಾಧೀನ ಮಾಡ್ಕೊಂಡ್ತು. ನನಗೆ ತುಂಬಾ ನೋವಾಗೋದು ಇಲ್ಲೇ ಮೇಡಂ, ಜಮೀನಿನ ಒಡೆಯರಿಗೆ ಪರಿಹಾರ ಸಿಕ್ತು, ತಲೆಮಾರುಗಳಿಂದ ಅಲ್ಲೇ ಇದ್ದ ಗೇಣಿದಾರರಿಗೆ ಸಿಕ್ಕಿದ್ದು ಹಿತ್ತಲಲ್ಲಿ ಬೆಳೆದ ತರಕಾರಿ ಬೆಲೆ ಅಷ್ಟೇ, ಯಾಕಂದ್ರೆ ಕಾಗದದ ಮೇಲೆ ಮನೆ ಅವರದ್ದಲ್ವಲ್ಲ. ಮಾತು ಕೊಟ್ಟು ತಪ್ಪಿದ್ದು ಸರ್ಕಾರ, ಆದ್ರೆ ಆ ಮಾತನ್ನ ಹಿಡ್ಕೊಂಡು ಕೇಳೋ ಬಲ ಒಕ್ಕಲುಗಳಿಗೆ ಮೊದಲಿಂದಾನೂ ಇರ್ಲಿಲ್ಲ. ಊರು ಅದಕ್ಕೂ ಮುಂಚೆನೇ ಸೊರಗ್ತಿತ್ತು ಅನ್ನೋದೂ ನಿಜ, ಮಕ್ಕಳಿಲ್ದೆ 1932ರಲ್ಲೇ ಶಾಲೆ ಮುಚ್ಚಿತ್ತು. ಹಾಗಂತ ಒಕ್ಕಲೆಬ್ಬಿಸಿದ್ದು ಸರಿ ಅಂತ ನಾನು ಒಪ್ಪಲ್ಲ.

1968ರಲ್ಲಿ ಊರು ವಾಪಸ್ ಕೊಡಿ ಅಂತ ಹೋರಾಟ ಸಮಿತಿ ಕಟ್ಟಿದ್ರು, 1973ರಲ್ಲಿ ಸರ್ಕಾರವೇ ನೇಮಿಸಿದ್ದ ಸಮಿತಿ ಕೂಡ ಸೈನ್ಯ ಅಲ್ಲಿಂದ ಜಾಗ ಬಿಡ್ಲಿ ಅಂತು, ಸರ್ಕಾರ ಕೇಳ್ಲಿಲ್ಲ. ಸಿಕ್ಕಿದ್ದು ನಡೆದು ನೋಡೋಕೆ ದಾರಿ ಮಾತ್ರ, ಈಗ ಹೆಚ್ಚಿನ ವಾರಾಂತ್ಯಗಳಲ್ಲಿ ಊರಿಗೆ ಜನರನ್ನ ಬಿಡ್ತಾರೆ. ಚರ್ಚು, ಶಾಲೆ ರಿಪೇರಿ ಆಗಿವೆ, ಮನೆಗಳಿಗೆ ಸೂರಿಲ್ಲ, ಬರೀ ಗೋಡೆ. ಉಳುಮೆ, ಗೊಬ್ಬರ, ಔಷಧಿ ಯಾವುದೂ ಇಲ್ದಿರೋದ್ರಿಂದ ಕಣಿವೇಲಿ ಕಾಡುಹೂವು ಪಕ್ಷಿ ಮಾತ್ರ ಹುಲುಸಾಗಿವೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಟೈನಮ್ ಹೌಸ್‌ನ ಬಹುಭಾಗ 1960ರ ದಶಕದಲ್ಲಿ ಕೆಡವಿದ್ರು, ಒಳ್ಳೇ ಕೆತ್ತನೆ ಕಲ್ಲುಗಳನ್ನ ಬೇರೆ ಕಡೆಗೆ ಸಾಗಿಸಿದ್ರು, ಉಳಿದ ಅವಶೇಷ ಮರಗಳ ಮಧ್ಯೆ ಇದೆ, ಅಲ್ಲಿಗೆ ಸಾರ್ವಜನಿಕರನ್ನ ಬಿಡಲ್ಲ. ಫೋಟೋ ಇಲ್ದೇ ಇದ್ದಿದ್ದು ಅದಕ್ಕೇ.